ಎರಡು ಚಳಿಗಾಲದ ಸರದಿ

ಮಳೆ ಹಿಂದೆಗೆದು, ಮಣ್ಣು ಕೈಗೆ ಅಂಟದಷ್ಟು ಒಣಗಿತ್ತು. ಆಲೂಗಡ್ಡೆ ಅಗೆಯಲು ಅದೇ ಹದ. ಬೆಳಗಿನ ಮಂಜು ಇನ್ನೂ ಸಾಲುಗಳ ನಡುವೆ ಕುಳಿತಿರುವಾಗಲೇ ಅಣ್ಣ ಟ್ರ್ಯಾಕ್ಟರಿಗೆ ಅಗೆಯುವ ಯಂತ್ರ ಕಟ್ಟಿಕೊಂಡು ಕೆಳಗಿನ ಹೊಲಕ್ಕೆ ಇಳಿದಿದ್ದ. ಯಂತ್ರದ ಹಲ್ಲು ಮಣ್ಣನ್ನು ಸೀಳುತ್ತ ಮುಂದೆ ಹೋದಂತೆ ಹಿಂದಿನಿಂದ ಗಡ್ಡೆಗಳು ಉರುಳಿ ಬೀಳುತ್ತಿದ್ದವು. ಬುಟ್ಟಿ ಹಿಡಿದು ಬಾಗಿದ ಆಳುಗಳು ಸಾಲು ಮುಗಿಯುವ ತನಕ ಸೊಂಟ ನೆಟ್ಟಗೆ ಮಾಡುತ್ತಿರಲಿಲ್ಲ. ಮೇಲೆ ಶೆಡ್ಡಿನಲ್ಲಿ ನಾನೂ ಅತ್ತಿಗೆಯೂ ಉದ್ದನೆಯ ಮೇಜಿನ ಆಚೆ ಈಚೆ ನಿಂತು ಬಂದದ್ದನ್ನು ವಿಂಗಡಿಸುತ್ತಿದ್ದೆವು. ದಪ್ಪನವು ಒಂದು ಚೀಲಕ್ಕೆ, ನಡುವಿನವು ಇನ್ನೊಂದಕ್ಕೆ, ಯಂತ್ರದ ಹಲ್ಲು ತಾಗಿ ಗಾಯವಾದವು ಬುಟ್ಟಿಗೆ. ಕೋಳಿಮೊಟ್ಟೆಯ ಗಾತ್ರದ, ಕಣ್ಣು ಚೆನ್ನಾಗಿ ಮೂಡಿದವು ಮಾತ್ರ ಅಪ್ಪನ ಮುಂದಕ್ಕೆ ಹೋಗುತ್ತಿದ್ದವು. ಮೊಣಕಾಲು ಕೈಕೊಟ್ಟ ಮೇಲೆ ಅಪ್ಪ ಬಾಗಿಲ ಬಿಸಿಲಿಗೆ ಕುರ್ಚಿ ಎಳೆದುಕೊಂಡು ಬಿತ್ತನೆಯ ಗಡ್ಡೆ ಆರಿಸುವುದೊಂದನ್ನೇ ಇಟ್ಟುಕೊಂಡಿದ್ದರು. ಅದನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಅಂಥ ಬೆಳೆ ನಾವು ಕಂಡು ಬಹಳ ವರ್ಷವಾಗಿತ್ತು. ಮನೆಯ ಯಾರೂ ಹಾಗೆಂದು ಬಾಯಿಬಿಟ್ಟು ಆಡಿರಲಿಲ್ಲ, ಅಷ್ಟೆ.

ಅಗೆತದ ದಿನಗಳಲ್ಲಿ ಅಣ್ಣನ ಫೋನು ಸುಮ್ಮನಿರುವುದಿಲ್ಲ. ದಲ್ಲಾಳಿಗಳು, ದಲ್ಲಾಳಿಗಳ ಕಡೆಯವರು, ಎಲ್ಲಿಂದಲೋ ನಂಬರು ಹಿಡಿದ ಹೊಸಬರು. ಎಲ್ಲರೂ ಕೇಳುವುದು ಒಂದೇ, ಈ ಸಲ ಹೇಗಿದೆ. ಅಣ್ಣ ಯಂತ್ರದ ಸದ್ದು ತಗ್ಗಿಸಿ, ಆಸ್ಪತ್ರೆಯಿಂದ ಈಗಷ್ಟೇ ಬಂದವನ ದನಿ ತಂದುಕೊಂಡು, ಎಲ್ಲಿಯ ಬೆಳೆ ಸ್ವಾಮಿ, ಈ ವರ್ಷ ನಷ್ಟವೇ ಎನ್ನುತ್ತಿದ್ದ. ಹಿಂದೆ ಟ್ರೈಲರು ಅಂಚಿನ ತನಕ ತುಂಬಿ ನಿಂತಿರುತ್ತಿತ್ತು. ನಮ್ಮ ಕಡೆ ಇದನ್ನು ಯಾರೂ ಸುಳ್ಳೆಂದು ತಿಳಿದಿಲ್ಲ. ಎದುರು ಸಿಕ್ಕವರು ಚೆನ್ನಾಗಿದ್ದೀರಾ ಎಂದರೆ ಜ್ವರ ಬಂದವನೂ ಹೂಂ ಎನ್ನುವುದಿಲ್ಲವೆ, ಇದೂ ಹಾಗೆಯೇ, ತಿರುಗಿಸಿ ಇಟ್ಟದ್ದು. ಚೆನ್ನಾಗಿದೆ ಎಂದು ಒಬ್ಬ ಬಾಯಿತಪ್ಪಿ ಅಂದರೆ ಹೊತ್ತು ಮುಳುಗುವುದರೊಳಗೆ ಇಡೀ ಸೀಮೆಯ ದರ ಬೀಳುತ್ತದೆ. ಹಾಗಾಗಿ ಹಾಲು ಕರೆಯುವವರು, ಗೊಬ್ಬರ ಮಾರುವವರು, ಲಾರಿ ಇಟ್ಟವರು, ಎಲ್ಲರೂ ಗುರುತಿಲ್ಲದ ದನಿಗೆ ನಷ್ಟವನ್ನೇ ಒಪ್ಪಿಸುತ್ತಾರೆ.

ಆ ಅಗೆತದ ಕೊನೆಯನ್ನು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಕಾಯುತ್ತಿದ್ದವಳು ನಾನು. ಅದು ಮುಗಿದ ಮುಂದಿನ ಸೋಮವಾರ ನನ್ನ ಎಂಬಿಎ ತರಗತಿ ಶುರುವಾಗುವುದಿತ್ತು.

ಐದು ವರ್ಷದ ಹಿಂದೆ ಅಣ್ಣನಿಗೂ ನನಗೂ ಒಟ್ಟಿಗೇ ಸೀಟು ಸಿಕ್ಕಿತ್ತು. ಊರಾಚೆಯ ಆ ಶಾಲೆಯನ್ನು ಬೆಳೆಗಾರರ ಸಂಘದವರು ತಮ್ಮ ಮಕ್ಕಳಿಗಾಗಿಯೇ ಕಟ್ಟಿದ್ದು. ಅಲ್ಲಿಯ ವರ್ಷ ನಡೆಯುವುದೇ ಆಲೂಗಡ್ಡೆಯನ್ನು ನೋಡಿಕೊಂಡು. ಅಗೆತ ಮುಗಿದರೆ ಪಾಠ ಶುರು, ಬಿತ್ತನೆಗೆ ಹೊಲ ಹದವಾದರೆ ಪಾಠ ಬಂದ್. ಹೀಗೆ ಎರಡು ಚಳಿಗಾಲ ಓದಿದರೆ ಪದವಿ. ಆದರೆ ಚಳಿಗಾಲದಲ್ಲೂ ಉಗ್ರಾಣಕ್ಕೆ ಒಬ್ಬರು ಬೇಕು. ರಾಶಿ ಮಗುಚಬೇಕು, ಮೊಳಕೆ ಮುರಿಯಬೇಕು, ಕೊಳೆತದ್ದನ್ನು ಆ ಹೊತ್ತೇ ಆರಿಸಿ ತೆಗೆಯಬೇಕು. ಅಪ್ಪ ತೀರ್ಮಾನ ಹೇಳಿದರು, ಒಬ್ಬರು ಈಗ, ಒಬ್ಬರು ಆಮೇಲೆ. ಅಣ್ಣ ದೊಡ್ಡವನು. ಹೊರಡುವ ಹಿಂದಿನ ದಿನ ಅವನು ನನ್ನನ್ನು ಉಗ್ರಾಣದ ಹಿಂದೆ ಕರೆದು, ಎರಡೇ ಚಳಿಗಾಲ, ಆಮೇಲೆ ನಿನ್ನ ಸರದಿ, ನೀನು ಕೇಳೋದೇ ಬೇಡ, ನಾನೇ ಕರ್ಕೊಂಡು ಹೋಗಿ ಕೂರಿಸ್ತೀನಿ ಎಂದಿದ್ದ.

ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ಅವನ ಓದು ಮುಗಿದ ವರ್ಷ ಮದುವೆಯಾಯಿತು, ಮರುವರ್ಷ ಅಪ್ಪನ ಮೊಣಕಾಲು ಹೋಯಿತು, ಅದರ ಮರುವರ್ಷ ಅಂಗಮಾರಿ ರೋಗ ಬಂದು ಹೊಲಕ್ಕೆ ಹೊಲವೇ ಕಪ್ಪಾಯಿತು. ನಾನು ಕೇಳಲಿಲ್ಲ. ಈ ವರ್ಷ ಅವನೇ ಅರ್ಜಿ ತಂದು, ನಾನು ಸಹಿ ಹಾಕುವ ತನಕ ಮೇಜಿನ ಪಕ್ಕ ನಿಂತುಕೊಂಡಿದ್ದ. ಉಗ್ರಾಣ ನಾನು ನೋಡ್ಕೋತೀನಿ ಎಂದು ಅತ್ತಿಗೆಯೂ ಒಪ್ಪಿದ್ದಳು. ಅಪ್ಪ ಮಾತ್ರ ಎಂಬಿಎ ಎಂದರೆ ಎಮ್ಮೆ ಬಿಟ್ಟು ಅಲೆಯೋದು ಎಂದು ತಮ್ಮ ಹಳೆಯ ಹಾಸ್ಯ ಮಾಡಿ, ನಕ್ಕು, ಸರಿ ಎಂದಿದ್ದರು.

ಆ ಶಾಲೆಗೆ ನಾನು ಹೊಸಬಳೇನಲ್ಲ. ಮೂರು ವರ್ಷದಿಂದ ಮಧ್ಯಾಹ್ನದ ಮೇಲೆ ಅಲ್ಲಿಯ ಕಚೇರಿಯಲ್ಲಿ ಅರ್ಧ ದಿನದ ಕೆಲಸ ಮಾಡುತ್ತಿದ್ದೆ. ಹಿಂದೆ ಅದು ಬಿತ್ತನೆ ಬೀಜದ ಗೋದಾಮು. ಎಷ್ಟು ಸುಣ್ಣ ಬಳಿದರೂ ಮಳೆಗಾಲದಲ್ಲಿ ಗೋಡೆಯಿಂದ ಮೊಳಕೆಯ ವಾಸನೆ ಹೊರಡುತ್ತಿತ್ತು. ಪಾಠದ ಹಾಳೆಗಳನ್ನು ಜೆರಾಕ್ಸ್ ಮಾಡಿ ಹಂಚುವುದು ನನ್ನ ಕೆಲಸ. ಹಂಚುವ ಮೊದಲು ಓದಿಕೊಳ್ಳುತ್ತಿದ್ದೆ. ಅರ್ಥವಾಗದ್ದನ್ನು ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಮ್ಮೊಮ್ಮೆ ಒಳಗಿನಿಂದ ಪ್ರಶ್ನೆ ಬಂದು, ಬೆಂಚಿನ ಮೇಲಿದ್ದವರು ಯಾರೂ ಉತ್ತರ ಹೇಳದೆ, ಕಾಗದದ ಕಟ್ಟು ಎದೆಗೊತ್ತಿಕೊಂಡು ಹೊರಗೆ ನಿಂತ ನನ್ನ ನಾಲಗೆಯ ತುದಿಗೆ ಅದು ಬಂದು ಕುಳಿತುಬಿಡುತ್ತಿತ್ತು. ಬಾಗಿಲ ಈಚೆಗಿದ್ದವಳು ಉತ್ತರ ಹೇಳುವ ಹಾಗಿಲ್ಲ. ನನಗೆ ಬೇಕಾಗಿದ್ದದ್ದು ಆ ಬೆಂಚು.

ಶಾಲೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ಪ್ರತಿ ಚಳಿಗಾಲದ ಮೊದಲ ದಿನ ಅವರು ಹೊಸಬರಿಗೆ ಒಂದು ಕಥೆ ಹೇಳುವರು. ನಿಮ್ಮ ಈ ಪದವಿಯೂ ನಿಮ್ಮ ಆಲೂಗಡ್ಡೆಯೂ ಒಂದೇ ಜಾತಕದವು ಎಂದು ಆರಂಭಿಸುವರು. ಎರಡೂ ಸಾಗರದಾಚೆಯಿಂದ ಬಂದವು. ಹೋದ ಶತಮಾನದ ಮೊದಮೊದಲಲ್ಲಿ ಅಲ್ಲಿಯ ಒಂದು ದೊಡ್ಡ ವಿಶ್ವವಿದ್ಯಾಲಯ ಈ ಪಾಠ ತೆರೆದಾಗ, ವ್ಯಾಪಾರವೂ ಒಂದು ವಿದ್ಯೆಯೇನು ಎಂದು ಪಕ್ಕದ ಕೊಠಡಿಯ ಪಂಡಿತರು ಮೂಗು ಮುರಿದರಂತೆ. ಕಾರ್ಖಾನೆಗಳು ಬೆಳೆದವು, ರೈಲು ಬೆಳೆಯಿತು, ಮಾಲೀಕನೊಬ್ಬನೇ ಎಲ್ಲವನ್ನೂ ಕಣ್ಣಳತೆಯಲ್ಲಿ ನೋಡುವ ಕಾಲ ಹೋಯಿತು. ಮಹಾಯುದ್ಧ ಮುಗಿದು ಸಿಪಾಯಿಗಳು ಮನೆಗೆ ಬಂದಾಗ ಬೆಂಚುಗಳು ತುಂಬಿಹೋದವು. ಆಮೇಲೆ ಅದು ಹಡಗು ಹತ್ತಿ ಖಂಡದಿಂದ ಖಂಡಕ್ಕೆ ಹೋಯಿತು. ಯಾವ ಮಣ್ಣಿಗೆ ಹಾಕಿದರೂ ಹತ್ತಿತು, ಕೆಲವು ಕಡೆ ಗಡ್ಡೆ ಕಟ್ಟಿತು, ಕೆಲವು ಕಡೆ ಬರೀ ಸೊಪ್ಪು. ಬೀದಿಗೊಂದು ಶಾಲೆಯಾದ ಮೇಲೆ ಯಾವುದು ದಪ್ಪ ಯಾವುದು ಸಣ್ಣ ಎಂದು ಜನಕ್ಕೆ ತಿಳಿಯದೆ ಹೋಯಿತು. ಆಗ ಪತ್ರಿಕೆಯವರು ಜರಡಿ ತಂದರು. ಮೊದಲು ಒಂದು ವಾರಪತ್ರಿಕೆ ತನ್ನ ದೇಶದವನ್ನಷ್ಟೇ ಸಾಲಾಗಿ ನಿಲ್ಲಿಸಿತು, ಬಳಿಕ ಇತರರು ಲೋಕದವನ್ನೆಲ್ಲ. ಓದಿ ಹೋದವನ ಸಂಬಳ ಎಷ್ಟು, ಓದುವ ಮೊದಲಿಗಿಂತ ಎಷ್ಟು ಏರಿತು, ಇದೇ ಜರಡಿಯ ದೊಡ್ಡ ಕಣ್ಣು. ಈಗ ಗಡ್ಡೆಗಳೇ ಜರಡಿಯನ್ನು ನೋಡಿಕೊಂಡು ಬೆಳೆಯುತ್ತಿವೆ ಎಂದು ಹೇಳಿ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುವರು. ಹೊಸಬರು ನಗುವರು.

ಈ ವರ್ಷ ಅವರು ಕನ್ನಡಕ ಒರೆಸುತ್ತ ನನ್ನೊಬ್ಬಳಿಗೇ ಅದರ ಉಳಿದ ಭಾಗ ಹೇಳಿದ್ದರು. ನಮ್ಮ ಶಾಲೆ ನಗರದ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿಗೆ ಹೊಸದಾಗಿ ಬಂದವರಿಗೆ ಪಟ್ಟಿಯ ಹುಚ್ಚು. ಪತ್ರಿಕೆಯೊಂದು ಪ್ರತಿವರ್ಷ ಹೊರಡಿಸುವ ಪಟ್ಟಿಯ ಬಾಲದಲ್ಲಿ ನಮ್ಮ ಹೆಸರು ಹೇಗೋ ಅಂಟಿಕೊಂಡಿತ್ತು. ಈ ಸಲ ಅದು ಅಲ್ಲಿ ಇಲ್ಲದಿದ್ದರೆ ಹೊಸ ಪ್ರವೇಶ ಬೇಡ, ಒಳಗಿದ್ದವರು ಮುಗಿಸಲಿ, ಬೀಗ ಹಾಕಿ ಎಂದು ಪತ್ರ ಬಂದಿತ್ತು. ನಗರದಲ್ಲಿ ಇಂಥ ಶಾಲೆಗಳು ಬೇಕಾದಷ್ಟಿವೆ. ಆದರೆ ಅವು ಬಿತ್ತನೆಯಲ್ಲೂ ನಡೆಯುತ್ತವೆ, ಅಗೆತದಲ್ಲೂ ನಡೆಯುತ್ತವೆ. ನಮ್ಮಂಥ ಮನೆಯವರು ಅಲ್ಲಿಗೆ ಹೋಗುವುದೆಂದರೆ ಮನೆ ಬಿಟ್ಟಂತೆಯೇ.

ಪತ್ರಿಕೆಯವರು ಕೇಳುವುದು ಮೂರು ವರ್ಷದ ಹಿಂದೆ ಪಾಸಾದವರನ್ನು. ಎಂದರೆ ಅಣ್ಣನ ಬ್ಯಾಚು. ಅವರಲ್ಲಿ ಸಾಕಷ್ಟು ಜನ ಉತ್ತರ ತುಂಬಿ ಕಳಿಸಬೇಕು, ಸಂಬಳ ಬರೆಯಬೇಕು. ಅವರಿಂದ ಬರೆಸುವ ಕೆಲಸ ನನಗೆ ಬಂತು. ಸ್ಕೂಟರು ಹಿಡಿದು ಹೊಲದಿಂದ ಹೊಲಕ್ಕೆ, ಅಂಗಡಿಯಿಂದ ಅಂಗಡಿಗೆ ಅಲೆದೆ. ನಾನು ಬರುವುದು ಕಂಡರೆ, ಪಟ್ಟಿಯಮ್ಮ ಬಂದಳು, ಬಾಗಿಲು ಹಾಕಿಕೊಳ್ಳಿ ಎನ್ನುವಷ್ಟು ಆಯಿತು. ಓದಿ ಬಂದವರನ್ನು ಊರು ಮ್ಯಾನೇಜರ್ ಎಂದೇ ಕರೆಯುತ್ತಿತ್ತು. ಕೆಲವರನ್ನು ಪ್ರೀತಿಯಿಂದ, ಬಹಳ ಜನರನ್ನು ಚುಡಾಯಿಸಲು. ಸಂಬಳ ಎಂಬ ಕಡೆ ಬಂದಾಗ ಎಲ್ಲ ಮ್ಯಾನೇಜರುಗಳೂ ಪೆನ್ನು ಎತ್ತಿಬಿಡುತ್ತಿದ್ದರು. ಹಸು ಸಾಕಿದ ಹೆಂಗಸು, ಸಂಬಳ ನಂಗ್ಯಾರು ಕೊಡ್ತಾರೆ, ನಾನೇ ಹಸುಗಳಿಗೆ ಕೊಡ್ತಿದೀನಿ ಎಂದಳು. ಗೊಬ್ಬರದಂಗಡಿಯವನು, ನಿನಗೆ ಹೇಳೋದು ಒಂದೇ, ಊರ ಮುಂದೆ ಮೈಕ್ ಕಟ್ಟೋದು ಒಂದೇ ಎಂದ. ಮೇಷ್ಟ್ರೂ ನಾನೂ ಕುಳಿತು ಒಂದು ದಾರಿ ಮಾಡಿದೆವು. ಖರ್ಚೆಲ್ಲ ಕಳೆದು ಈ ವರ್ಷ ಕೈಯಲ್ಲಿ ಉಳಿಯುವುದೇ ಸಂಬಳ. ಇದರಲ್ಲಿ ಕೂದಲೆಳೆಯಷ್ಟೂ ಸುಳ್ಳಿಲ್ಲ. ಬರೆದದ್ದನ್ನು ನಾನು ನೋಡುವುದಿಲ್ಲ ಎಂದು ಮುಖ ತಿರುಗಿಸಿ ನಿಂತೆ. ಬಾಗಿಲು ಮುಂದೆ ಮಾಡಿ, ಹೆಂಡತಿಗೂ ಕಾಣದಂತೆ ಅಂಗೈ ಮರೆಮಾಡಿ, ಅವರು ನಿಜವನ್ನೇ ಬರೆದರು. ಎಲ್ಲರಿಗಿಂತ ಕಡೆಗೆ ಅಣ್ಣ ಬರೆದ. ಬರೆದು, ಹಾಳೆ ಮಡಚಿ ನನ್ನ ಕೈಗಿಟ್ಟು, ಇದು ನಿನಗೋಸ್ಕರ, ಇಲ್ಲದಿದ್ರೆ ದೇವರು ಬಂದು ಕೇಳಿದ್ರೂ ಹೇಳ್ತಿರಲಿಲ್ಲ ಎಂದ.

ಉತ್ತರಗಳನ್ನು ಕಳಿಸಿದ ದಿನ ಮೇಷ್ಟ್ರು ಬಹಳ ಗೆಲುವಾಗಿದ್ದರು. ನಮ್ಮ ಹುಡುಗರ ಲೆಕ್ಕ ಹಾಕಿ ನೋಡಿದರೆ ಬಾಲದಿಂದ ಬೆನ್ನಿಗೆ ಬರುತ್ತೇವೆ ಎಂದರು.

ಅಗೆತ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಅಣ್ಣ ಟ್ರೈಲರು ತಂದು ಶೆಡ್ಡಿನ ಮುಂದೆ ನಿಲ್ಲಿಸುವಾಗ ಅವನ ಫೋನು ರಿಂಗಾಯಿತು. ಯಂತ್ರ ಆರಿಸದೆಯೇ ಕಿವಿಗೆ ಹಿಡಿದ. ಎಲ್ಲಿಯ ಆದಾಯ ತಾಯಿ, ಈ ವರ್ಷ ನಷ್ಟವೇ ಎಂದ. ಆಚೆಯವರು ಇನ್ನೇನೋ ಕೇಳಿದರು. ಅಣ್ಣ ನಮ್ಮತ್ತ ಕಣ್ಣು ಮಿಟುಕಿಸಿ, ಓದಿದ್ದೆಲ್ಲ ದಂಡ ಆಯ್ತು, ಕೂಲಿಗೆ ಹೋಗೋದೇ ವಾಸಿ ಅನ್ನಿಸಿದೆ ಎಂದು ಸೇರಿಸಿದ. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಯಾರು ಎಂದು ಕೇಳಿದೆ. ಯಾರೋ ಹುಡುಗಿ, ದಲ್ಲಾಳಿಗಳೂ ಈಗ ನಾಜೂಕಾಗಿ ಮಾತಾಡೋರನ್ನ ಇಟ್ಟಿದಾರೆ, ಕೈಗೆ ಎಷ್ಟು ಉಳೀತು ಅಂತ ಕೇಳ್ತಾಳೆ, ಕೊಬ್ಬು ನೋಡು ಎಂದ. ನಾನೂ ನಕ್ಕೆ.

ವಾರ ಕಳೆಯುವ ಮುಂಚೆ, ಒಂದು ಮಧ್ಯಾಹ್ನ ನಾನು ಕಚೇರಿಗೆ ಹೋದಾಗ ಮೇಷ್ಟ್ರು ನನ್ನ ಕುರ್ಚಿಯಲ್ಲಿ ಕುಳಿತಿದ್ದರು. ಪತ್ರಿಕೆಯವರಿಂದ ಬಂದ ಕಾಗದ ಮೇಜಿನ ಮೇಲಿತ್ತು. ಬರೆದ ಉತ್ತರಗಳಲ್ಲಿ ಮೂವರನ್ನು ಆರಿಸಿ ಅವರು ಫೋನು ಮಾಡಿ ವಿಚಾರಿಸಿದ್ದರು. ಮೂವರೂ ಬರೆದದ್ದು ಒಂದು, ಹೇಳಿದ್ದು ಇನ್ನೊಂದು. ಹಾಗಾಗಿ ಶಾಲೆಯನ್ನು ಪಟ್ಟಿಯಿಂದ ಕೈಬಿಡಲಾಗಿದೆ. ಹಸು ಸಾಕಿದವಳು, ಕೆಚ್ಚಲು ಬತ್ತಿಹೋಗಿದೆಯಮ್ಮ ಎಂದಿದ್ದಳು. ಗೊಬ್ಬರದವನು, ಅಂಗಡಿ ಮುಚ್ಚೋ ಹಾಗಿದೆ ಎಂದಿದ್ದ. ಮೂರನೆಯದನ್ನು ಮೇಷ್ಟ್ರು ಓದಲಿಲ್ಲ. ಕಾಗದವನ್ನು ನನ್ನ ಕಡೆಗೆ ತಿರುಗಿಸಿದರು.

ಫೋನು ಮಾಡಬಹುದು ಎಂದು ಪತ್ರಿಕೆಯವರು ಮೊದಲೇ ತಿಳಿಸಿದ್ದರು. ಮಾಡಿದರೆ ಶಾಲೆಗೆ ಮಾಡುತ್ತಾರೆ ಎಂದುಕೊಂಡಿದ್ದೆವು. ಬ್ಯಾಚಿನವರಿಗೆ ಒಂದು ಮಾತು ಮುಂಚೆ ಹೇಳಿಡುವುದು ಮೇಷ್ಟ್ರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮೇಷ್ಟ್ರು ನನ್ನೆದುರೇ ಪತ್ರಿಕೆಯ ಕಚೇರಿಗೆ ಮಾತಾಡಿದರು. ನಮ್ಮ ಕಡೆಯವರು ಗುರುತಿಲ್ಲದವರಿಗೆ ಚೆನ್ನಾಗಿದೆ ಎಂದು ಹೇಳುವುದಿಲ್ಲ, ಅದು ಸುಳ್ಳಲ್ಲ, ಒಂದು ರೂಢಿ ಎಂದು ಎಷ್ಟೋ ಬಗೆಯಲ್ಲಿ ಬಿಡಿಸಿ ಹೇಳಿದರು. ಆಚೆಯ ಹೆಂಗಸು ತಾಳ್ಮೆಯಿಂದಲೇ ಕೇಳಿಸಿಕೊಂಡಳು. ಕೊನೆಗೆ ಅವಳು ಆಡಿದ್ದು ನನಗೂ ಕೇಳಿಸಿತು.

"ಸರ್, ಒಂದು ಹೇಳಿ. ನಿಮ್ಮೋರು ಬರೆದಾಗ ಸುಳ್ಳು ಬರೆದ್ರಾ, ಮಾತಾಡಿದಾಗ ಸುಳ್ಳು ಹೇಳಿದ್ರಾ?"

ಮೇಷ್ಟ್ರು ಜೀವಮಾನವೆಲ್ಲ ಪ್ರಶ್ನೆ ಕೇಳಿದವರು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಎರಡೂ ಅಲ್ಲಮ್ಮ ಎಂದಷ್ಟೇ ಹೇಳಿದರು. ಅವಳಿಗೇ ಕನಿಕರ ಬಂದಿರಬೇಕು. ಪಟ್ಟಿ ಈ ದಿನ ಸಂಜೆ ಅಚ್ಚಿಗೆ ಹೋಗುತ್ತದೆ, ಐದು ಗಂಟೆಯೊಳಗೆ ಆ ಮೂವರೂ ತಮ್ಮ ಫೋನಿನಿಂದಲೇ, ತಮ್ಮ ಬಾಯಿಂದಲೇ, ಬರೆದದ್ದು ನಿಜ ಎಂದು ಹೇಳಿ, ಮೊತ್ತವನ್ನೂ ಹೇಳಿದರೆ ನೋಡೋಣ, ಒಬ್ಬರು ತಪ್ಪಿದರೂ ಆಗುವುದಿಲ್ಲ ಎಂದಳು.

ಹಸು ಸಾಕಿದವಳಿಗೂ ಗೊಬ್ಬರದವನಿಗೂ ನಾನು ಫೋನು ಮಾಡಿ ಹೇಳಿದೆ. ಅವಳು ಮೇವಿನ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡು, ಅತ್ತೆಗೆ ಕೇಳದ ಹಾಗೆ ಪಿಸುದನಿಯಲ್ಲಿ ಆ ಹೆಂಗಸಿಗೆ ಒಪ್ಪಿಸಿದಳಂತೆ. ಗೊಬ್ಬರದವನು ಗಿರಾಕಿಗಳನ್ನು ಹೊರಗೆ ಕಳಿಸಿ, ಶಟರು ಅರ್ಧ ಎಳೆದು, ಬೆವರುತ್ತ ಹೇಳಿದನಂತೆ. ಅಣ್ಣ ಮಾತ್ರ ಎಷ್ಟು ರಿಂಗಾದರೂ ಫೋನು ಎತ್ತಲಿಲ್ಲ. ನಾನು ಸ್ಕೂಟರು ಹತ್ತಿದೆ.

ಶೆಡ್ಡಿನ ಮುಂದೆ ದಲ್ಲಾಳಿಯ ಜೀಪು ನಿಂತಿತ್ತು.

ಆ ಮನುಷ್ಯ ವರ್ಷಕ್ಕೊಮ್ಮೆ ಬರುವವನು. ಇಡೀ ವರ್ಷದ ಬೆಳೆಯನ್ನು ಕುಳಿತಲ್ಲೇ ಒಂದೇ ಸಲಕ್ಕೆ ಮಾತಾಡಿ ಮುಗಿಸುವವನು. ಒಬ್ಬ ಬೆಳೆಗಾರ ತನ್ನೆದುರು ಇನ್ನೊಬ್ಬ ದಲ್ಲಾಳಿಯ ಜೊತೆ ಮಾತಿಗೆ ಹೋದನೆಂದು ಗುಮಾನಿ ಬಂದರೆ ಸಾಕು, ಪೇಟ ಸರಿಮಾಡಿಕೊಂಡು ಏಳುವನು, ಮತ್ತೆ ಆ ಅಂಗಳ ತುಳಿಯುವವನಲ್ಲ. ಆ ವರ್ಷ ಎಲ್ಲರದ್ದೂ ಚೆನ್ನಾಗಿ ಬಂದು, ಲಾರಿ ಖಾಲಿ ಇದ್ದವನು ಅವನೊಬ್ಬನೇ. ಚೀಲಗಳ ಮೇಲೆ ಕಾಲು ಚಾಚಿ ಕುಳಿತು, ಚಾಕುವಿನಿಂದ ಒಂದು ಗಡ್ಡೆಯನ್ನು ಸೀಳಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಎದುರಿಗೆ ಅಣ್ಣ ಕೈಕಟ್ಟಿ ನಿಂತಿದ್ದ. ಮುಖದಲ್ಲಿ ಆ ನಷ್ಟದ ಕಳೆ. ಅಪ್ಪ ಕುರ್ಚಿಯಲ್ಲಿ, ಕೇಳಿಯೂ ಕೇಳದವರ ಹಾಗೆ, ಗಡ್ಡೆ ಆರಿಸುತ್ತಿದ್ದರು.

ಅಣ್ಣನನ್ನು ಮೂಲೆಗೆ ಕರೆದು ಉಸಿರಿನಲ್ಲೇ ಎಲ್ಲ ಹೇಳಿದೆ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

"ಆ ಹುಡುಗಿ ಪತ್ರಿಕೆಯವಳಾ?"

"ಹೂಂ. ಈಗ ಮಾತಾಡು. ಎರಡು ಮಾತು ಸಾಕು."

"ಇವನು ಹೋಗ್ಲಿ."

"ಐದಕ್ಕೆ ಮುಗಿಯುತ್ತೆ ಅಣ್ಣ."

"ಫೋನ್ ಹಿಡ್ಕೊಂಡು ಆಚೆ ಹೋದ್ರೆ ಎದ್ದು ಹೋಗ್ತಾನೆ. ಇಲ್ಲೇ ನಿಂತು ನಾನು ಇಷ್ಟು ದುಡಿದಿದ್ದೀನಿ ಅಂತ ಹೇಳ್ಲಾ, ಅವನ ಮುಂದೆ?" ಅವನು ಒಮ್ಮೆ ಚೀಲಗಳ ಕಡೆ ತಿರುಗಿ ನೋಡಿದ. "ಇನ್ನೇನು ಮುಗೀತು. ನೀನು ಸುಮ್ನಿರು."

ದಲ್ಲಾಳಿ ಚಾಕು ಒರೆಸಿಕೊಳ್ಳುತ್ತ, ಏನಂತೆ ಮ್ಯಾನೇಜರೇ, ತಂಗೀಗೆ ಅಷ್ಟೊಂದು ಅವಸರ ಎಂದು ಕೇಳಿದ. ಅಣ್ಣ ಹಿಂದಿರುಗಿ, ಏನಿಲ್ಲ ಯಜಮಾನ್ರೇ, ಯಾವುದೋ ಸ್ಕೂಲಿನ ವಿಷಯ ಎಂದ.

ಮಾತುಕತೆ ಮತ್ತೆ ಹಿಡಿದಲ್ಲಿಂದ ಶುರುವಾಯಿತು. ದಲ್ಲಾಳಿಗೆ ಅವಸರವೆಂಬುದಿಲ್ಲ. ಅವಸರ ತೋರಿಸಿದವನೇ ಸೋತ ಎಂಬುದು ಅವನ ಕಸುಬಿನ ಗುಟ್ಟು. ಒಂದು ದರ ಹೇಳಿ, ದೂರದ ಮರ ನೋಡುವನು. ಅಣ್ಣ ಅದನ್ನು ಕೇಳಿಸಿಕೊಳ್ಳದವನ ಹಾಗೆ ನೆಲ ಕೆದರುವನು. ದಲ್ಲಾಳಿ ತನ್ನ ಹೆಂಡತಿಯ ಕಾಯಿಲೆಯ ಕಥೆ ಎತ್ತುವನು, ಲಾರಿಯ ಟೈರಿನ ಕಥೆ ಎತ್ತುವನು. ಅತ್ತಿಗೆ ಚಹಾ ತಂದಳು. ಅವನು ಅದನ್ನು ಊದಿ ಊದಿ ಕುಡಿದ. ನನ್ನ ಕಣ್ಣು ಅವನ ಲೋಟದ ಮೇಲೂ ಗೋಡೆಯ ಗಡಿಯಾರದ ಮೇಲೂ ಹೋಗಿ ಹೋಗಿ ಬರುತ್ತಿತ್ತು. ಬಾಗಿಲ ಹೊರಗೆ ನಿಂತು ಕಲಿತ ಪಾಠಗಳಲ್ಲಿ ಹೀಗೆ ಎದುರಾಳಿಯನ್ನು ಕಾಯಿಸುವುದೂ ಒಂದು ಪಾಠವಾಗಿತ್ತು. ಅಣ್ಣ ಅದನ್ನು ಬೆಂಚಿನ ಮೇಲೆ ಕುಳಿತು ಕಲಿತಿದ್ದ. ಚೆನ್ನಾಗಿಯೇ ಕಲಿತಿದ್ದ.

ಗಡಿಯಾರದ ದೊಡ್ಡ ಮುಳ್ಳು ನೆಟ್ಟಗಾಗಲು ಇನ್ನು ಸ್ವಲ್ಪವೇ ಉಳಿದಾಗ ನನಗೆ ತಡೆಯಲಾಗಲಿಲ್ಲ. ಮೇಜು ಬಿಟ್ಟು ಅವರ ನಡುವೆ ಹೋಗಿ ನಿಂತೆ.

"ಯಜಮಾನ್ರೇ, ನಮ್ಮಣ್ಣನಿಗೆ ಒಂದು ಫೋನ್ ಮಾಡೋದಿದೆ. ಒಂದೇ ನಿಮಿಷ ಬಿಟ್ಟುಕೊಡಿ."

ದಲ್ಲಾಳಿ ಚಾಚಿದ್ದ ಕಾಲನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡ. ನನ್ನನ್ನು ನೋಡಲಿಲ್ಲ, ಅಣ್ಣನನ್ನು ನೋಡಿದ.

"ಬೇರೆ ಗಿರಾಕಿ ಇದಾರಾ ಮ್ಯಾನೇಜರೇ? ಇದ್ರೆ ಹೇಳಿಬಿಡಿ. ನಂಗೇನೂ ಬೇಜಾರಿಲ್ಲ."

ಅಪ್ಪನ ಕೈ ಬುಟ್ಟಿಯ ಮೇಲೆ ನಿಂತಿತ್ತು. ಅಣ್ಣನ ಕೈ ಜೇಬಿನ ಹತ್ತಿರ ಹೋಯಿತು. ಅಲ್ಲಿ ಫೋನಿತ್ತು, ಅದರ ಮೂಲೆ ನನಗೆ ಕಾಣುತ್ತಿತ್ತು. ಆ ಹೊತ್ತು ಅವನು ನನ್ನ ಮುಖ ನೋಡಿದ್ದರೆ ಏನಾಗುತ್ತಿತ್ತೋ ತಿಳಿಯದು. ಅವನು ನೋಡಿದ್ದು ಹಿಂದಿನ ರಾಶಿಯನ್ನು. ಅಂಗಮಾರಿಯ ವರ್ಷದ ಕಪ್ಪು ಹೊಲ ಅವನ ಕಣ್ಣ ಮುಂದೆ ಬಂದಿರಬೇಕು, ಆಳುಗಳ ಕೂಲಿ ಬಂದಿರಬೇಕು, ಅಪ್ಪನ ಮೊಣಕಾಲು ಬಂದಿರಬೇಕು. ಅವೆಲ್ಲ ನನಗೂ ಗೊತ್ತಿದ್ದವೇ.

"ಯಾರೂ ಇಲ್ಲ ಯಜಮಾನ್ರೇ," ಎಂದ ಅಣ್ಣ. "ಅವಳಿಗೆ ತಿಳಿಯೋದಿಲ್ಲ. ನೀವು ಹೇಳಿ."

ನಾನು ಮೇಜಿಗೆ ಹಿಂದಿರುಗಿದೆ. ಅತ್ತಿಗೆ ನನ್ನ ಕಡೆ ನೋಡದೆ ಒಂದು ಗಡ್ಡೆಯನ್ನು ಎತ್ತಿ, ತಿರುಗಿಸಿ, ಮತ್ತೆ ಅಲ್ಲೇ ಇಟ್ಟಳು.

ದರ ಕುದುರಿತು. ಒಳ್ಳೆಯ ದರ, ಆ ಸೀಮೆಯಲ್ಲಿ ಆ ವರ್ಷ ಯಾರಿಗೂ ಸಿಗದ ದರ. ದಲ್ಲಾಳಿ ಅಣ್ಣನ ಕೈ ಹಿಡಿದು ಕುಲುಕಿ, ನಿಮ್ಮ ಓದು ವ್ಯರ್ಥ ಹೋಗಿಲ್ಲ ಬಿಡಿ ಎಂದು ನಕ್ಕು, ಜೀಪು ಹತ್ತಿದ. ಜೀಪು ತಿರುವಿನಲ್ಲಿ ಮರೆಯಾಗುವ ಮುಂಚೆಯೇ ಅಣ್ಣ ಫೋನು ತೆಗೆದಿದ್ದ. ನಂಬರನ್ನು ನಾನು ಹೇಳಿದೆ, ಅವನ ಬೆರಳು ತಪ್ಪಿತು, ಮತ್ತೆ ಹೇಳಿದೆ. ರಿಂಗಾಯಿತು. ರಿಂಗಾಗಿ ರಿಂಗಾಗಿ, ಕಚೇರಿಯ ವೇಳೆ ಮುಗಿದಿದೆ ಎಂದು ಮುದ್ರಿಸಿಟ್ಟ ದನಿಯೊಂದು ಹೇಳಿತು. ಅವನು ಮತ್ತೆ ಮಾಡಿದ. ಮತ್ತೆ ಮಾಡಿದ. ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಬೇಲಿಯ ಹತ್ತಿರ ನಿಂತು, ಯಾರೂ ಇಲ್ಲದ ಆ ಯಂತ್ರಕ್ಕೆ, ನಾನು ಬರೆದದ್ದು ನಿಜ, ಈ ವರ್ಷ ನಮಗೆ ಚೆನ್ನಾಗಿ ಬಂದಿದೆ, ಬಹಳ ಚೆನ್ನಾಗಿ ಬಂದಿದೆ, ಎಂದು ಮೊತ್ತದ ಸಮೇತ ದೊಡ್ಡ ದನಿಯಲ್ಲಿ ಹೇಳುತ್ತಿದ್ದ. ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ಅಣ್ಣನ ಬಾಯಲ್ಲಿ ಆ ಮಾತನ್ನು ಅವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೇಷ್ಟ್ರಿಗೆ ನಾನೇ ಫೋನು ಮಾಡಿದೆ. ಮಾತಾಡಿದನಾ ಎಂದು ಕೇಳಿದರು. ಇಲ್ಲ ಸರ್ ಎಂದೆ. ನಿನಗೆ ಬೆಂಚು ಒರೆಸಿಡು ಅಂತ ಜವಾನನಿಗೆ ಹೇಳಿದ್ದೆ ತಾಯಿ ಎಂದು ಫೋನು ಇಟ್ಟುಬಿಟ್ಟರು.

ಅಣ್ಣ ಶೆಡ್ಡಿನೊಳಗೆ ಬಂದ. ದಲ್ಲಾಳಿ ಕೊಟ್ಟ ಮುಂಗಡ ಅವನ ಅಂಗಿಯ ಜೇಬಿನಲ್ಲಿ ಉಬ್ಬಿಕೊಂಡಿತ್ತು. ಅದನ್ನು ತೆಗೆದು ಎಣಿಸದೆ ನನ್ನ ಮುಂದೆ ಮೇಜಿನ ಮೇಲಿಟ್ಟ.

"ತಗೋ. ನಗರದಲ್ಲಿ ಸೇರ್ಕೋ. ನಾನೇ ಕರ್ಕೊಂಡು ಹೋಗಿ ಸೇರಿಸ್ತೀನಿ."

"ಅಲ್ಲಿ ಬಿತ್ತನೆ ಕಾಲದಲ್ಲೂ ಕ್ಲಾಸಿರುತ್ತೆ."

"ಇರ್ಲಿ."

"ಅಗೆತದಲ್ಲೂ ಇರುತ್ತೆ. ಎರಡು ವರ್ಷ. ಇರ್ಲಾ?"

ಅವನು ಇರಲಿ ಎನ್ನಲು ಬಾಯಿ ತೆರೆದ. ಅತ್ತಿಗೆ ಆಗ ಐದು ತಿಂಗಳ ಬಸುರಿ. ಬಾಗಿಲಲ್ಲಿ ಅಪ್ಪ ಕುರ್ಚಿಯಿಂದ ಏಳಲು ಮೊಣಕಾಲ ಮೇಲೆ ಕೈಯೂರಿ ಒದ್ದಾಡುತ್ತಿದ್ದರು. ಅಣ್ಣನ ಕಣ್ಣು ಅಲ್ಲಿಗೂ ಇಲ್ಲಿಗೂ ಹೋಯಿತು.

"ನಿನ್ನ ಸರದಿ ನನ್ನ ಮೇಲೆ ಹಾಗೇ ಇದೆ," ಎಂದ ಕೊನೆಗೆ. "ತೀರಿಸ್ತೀನಿ."

"ತೀರಿಸ್ತೀನಿ ಅನ್ನಬೇಡ ಅಣ್ಣ. ನೀನು ಹಾಗೆ ಅಂತಿರೋದ್ರಿಂದಲೇ ನಾನು ಐದು ವರ್ಷ ಇಲ್ಲಿ ನಿಂತೆ."

ಆ ದುಡ್ಡು ಮೇಜಿನ ಮೇಲೆ ಮಣ್ಣಿನ ಜೊತೆ ಬಿದ್ದಿತ್ತು. ನಾನು ಮುಟ್ಟಲಿಲ್ಲ. ತಿರುಗಿ ತೆಗೆದುಕೊಳ್ಳಲು ಅವನಿಗೂ ಮನಸ್ಸಾಗಲಿಲ್ಲ. ಕೊನೆಗೆ ಅತ್ತಿಗೆ ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು.

ದಲ್ಲಾಳಿಯ ಮೊದಲ ಲಾರಿ ಮುಸ್ಸಂಜೆಗೆ ಬಂತು. ಚೀಲಗಳು ಒಂದೊಂದಾಗಿ ಏರಿದವು. ಲಾರಿ ಹೋದ ಮೇಲೆ ಎಲ್ಲರೂ ಊಟಕ್ಕೆ ಕುಳಿತೆವು. ಶೆಡ್ಡಿನಲ್ಲಿ ನಡೆದದ್ದರಲ್ಲಿ ಎಷ್ಟು ಅಪ್ಪನ ಕಿವಿಗೆ ಬಿದ್ದಿತ್ತೋ ಎಷ್ಟು ಇಲ್ಲವೋ. ಅವರು ತುತ್ತು ಕಲಸುತ್ತ ನನ್ನನ್ನು ಕೇಳಿದರು.

"ನಿನ್ನ ಕ್ಲಾಸು ಸೋಮವಾರದಿಂದ ಅಲ್ವೇನಮ್ಮ?"

ನಾನು ಅವರ ತಟ್ಟೆಗೆ ಸಾರು ಬಡಿಸಿದೆ. ಅಣ್ಣ ನೀರು ಕುಡಿದು ಲೋಟ ಇಟ್ಟ.

"ಈ ವರ್ಷ ಇಲ್ಲ ಅಪ್ಪ," ಎಂದ. "ಮುಂದೆ ನೋಡೋಣ."

ಅಪ್ಪನ ಮುಖದ ಗಂಟು ಸಡಿಲಾಯಿತು.

"ಹಾಗಾದ್ರೆ ಚಳಿಗಾಲಕ್ಕೂ ಉಗ್ರಾಣದಲ್ಲಿ ಇರ್ತಾಳೆ," ಎಂದರು. "ನಾನು ಬೀಜ ಇನ್ನಷ್ಟು ಹೆಚ್ಚಿಗೆ ಆರಿಸಿಡ್ತೀನಿ."